ಸೌಮ್ಯ ಯಂತ್ರಕ್ಕೆ ಜಗಳ ಕಲಿಸಿದ ಗುಡ್ಡದ ಓಣಿ

ಇದು ನಡೆದದ್ದು ಖರೆ. ಎಳ್ಳಷ್ಟೂ ಸುಳ್ಳಿಲ್ಲ. ಸುಳ್ಳಾಗಿದ್ದರೆ ಗುಡ್ಡದ ಓಣಿಯ ನಳ ಇನ್ನು ಮೇಲೆ ಬರೀ ಬುಸುಗುಟ್ಟಲಿ, ಒಂದು ತೊಟ್ಟು ನೀರೂ ಬಾರದಿರಲಿ. ಹುಬ್ಬಳ್ಳಿಯಲ್ಲಿ ಇದಕ್ಕಿಂತ ದೊಡ್ಡ ಆಣೆಯನ್ನು ಯಾರೂ ಮಾಡುವುದಿಲ್ಲ. ದೇವರ ಮೇಲೆ ಆಣೆ ಮಾಡಿ ತಪ್ಪಿದವನನ್ನು ದೇವರು ಕ್ಷಮಿಸಿಯಾನು. ನಳದ ಮೇಲೆ ಆಣೆ ಮಾಡಿ ತಪ್ಪಿದವನನ್ನು ಓಣಿಯ ಹೆಂಗಸರು ಬಿಡುವುದಿಲ್ಲ.

ಆ ಓಣಿಯ ತುತ್ತತುದಿಯಲ್ಲಿ ದಾಕ್ಷಾಯಣಿ ಮೆಣಸಿನಕಾಯಿಯ ಮನೆ. ಮೆಣಸಿನಕಾಯಿ ಎಂಬುದು ಗಂಡನ ಮನೆಯ ಅಡ್ಡಹೆಸರು. ಮದುವೆಗೆ ಮುಂಚೆಯೇ ಆ ಹೆಸರು ಅವಳಿಗೆ ಒಪ್ಪುತ್ತಿತ್ತು ಎಂದು ತವರಿನವರೇ ಹೇಳುತ್ತಾರೆ. ಗಂಡ ಬಸ್ಸಿನ ಡ್ರೈವರ್, ದೂರದ ರೂಟು. ಮನೆಯಲ್ಲಿ ಉಳಿಯುವವರು ದಾಕ್ಷಾಯಣಿ, ಅವಳ ಅತ್ತೆ ಗೌರವ್ವ, ಮತ್ತು ಅವರಿಬ್ಬರ ಜಗಳ. ಸಾಕಿದ ಬೆಕ್ಕಿನ ಹಾಗೆ ಆ ಜಗಳಕ್ಕೆ ಮನೆಯಲ್ಲಿ ತನ್ನದೇ ಜಾಗವಿತ್ತು. ಬೆಳಿಗ್ಗೆ ಒಲೆಯ ಹತ್ತಿರ, ಮಧ್ಯಾಹ್ನ ಪಡಸಾಲೆಯಲ್ಲಿ, ಸಂಜೆ ಕಟ್ಟೆಯ ಮೇಲೆ. ಜಗಳವಿಲ್ಲದ ದಿನ ಪಕ್ಕದ ಮನೆಯ ಮಮ್ತಾಜ್ ಬಂದು ಯಾರಿಗೆ ಜ್ವರ ಎಂದು ಕೇಳಿ ಹೋಗುತ್ತಿದ್ದಳು.

ದಾಕ್ಷಾಯಣಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು. ಊರಿನ ಪ್ರೋಗ್ರಾಮು ಬರೆಯುವವರದೊಂದು ಸಂಘವಿತ್ತು; ಅದಕ್ಕೆ ಅವಳೇ ಮುಂದಾಳು. ಆ ವರ್ಷ ಸಂಘದವರು ದೊಡ್ಡ ಹೋಟೆಲಿನಲ್ಲಿ ಸಾಫ್ಟ್‌ವೇರ್ ಸಮ್ಮೇಳನ ಮಾಡಿದರು. ಊರೂರಿನಿಂದ ಕೋಟು ಹಾಕಿದವರು ಬಂದರು, ಭಾಷಣ ಮಾಡಿದರು, ಉಂಡರು, ಚೀಲ ಇಸಿದುಕೊಂಡು ಹೋದರು. ಅದು ಮುಗಿದ ಮರುದಿನದಿಂದಲೇ ಹ್ಯಾಕಥಾನ್. ಅಂದರೆ ಏನೂ ಇಲ್ಲ, ಕಂಪ್ಯೂಟರ್ ಬಲ್ಲವರೆಲ್ಲ ಒಂದೇ ಸೂರಿನ ಕೆಳಗೆ ಕೂತು ಹಿಡಿದ ಕೆಲಸ ಮುಗಿಸದೆ ಏಳುವುದಿಲ್ಲ ಎಂದು ಹಟ ಹಿಡಿಯುವುದು. ಹೋಟೆಲಿನ ಬಾಡಿಗೆ ಭಾರವಾಯಿತೆಂದು ಇದನ್ನು ಒಂದು ಕಲ್ಯಾಣ ಮಂಟಪದಲ್ಲಿ ಇಟ್ಟುಕೊಂಡಿದ್ದರು. ಹಿಂದಿನ ಮದುವೆಯ ಚೆಂಡುಹೂವಿನ ಸರ ಇನ್ನೂ ಕಂಬಕ್ಕಿತ್ತು. ವೇದಿಕೆಯ ಮೇಲೆ ಮದುಮಕ್ಕಳು ಕೂರುವ ಕೆಂಪು ಸಿಂಹಾಸನವೂ ಇತ್ತು.

ಹಿಡಿದ ಕೆಲಸ ಸಣ್ಣದಲ್ಲ. ನೀರಿನ ಕಚೇರಿಯವರು ಊರಿನ ಕೊಳವೆಗಳಿಗೆಲ್ಲ ತಾವೇ ತಿರುಗುವ ವಾಲ್ವು ಕೂಡಿಸಿದ್ದರು. ಯಾವ ಓಣಿಗೆ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಅವಕ್ಕೆ ಹೇಳುವ ಪ್ರೋಗ್ರಾಮು ಬೇಕಿತ್ತು. ಹೊರಗಿನ ಕಂಪನಿಯೊಂದು ಆಗಲೇ ಒಂದನ್ನು ಮಾಡಿ ಮುಂದಿಟ್ಟಿತ್ತು. ಅದರ ಲೆಕ್ಕದಲ್ಲಿ ಗುಡ್ಡದ ಓಣಿ ಬಹಳ ಎತ್ತರ. ಅಲ್ಲಿಗೆ ನೀರು ಏರಿಸುವುದು ದಂಡ. ಆ ವಾಲ್ವನ್ನು ಕಾಯಂ ಮುಚ್ಚಿ ಟ್ಯಾಂಕರ್ ಕಳಿಸಿದರಾಯಿತು. ಸಮ್ಮೇಳನಕ್ಕೆ ಬಂದಿದ್ದ ಕಚೇರಿಯ ಎಂಜಿನಿಯರು ದಾಕ್ಷಾಯಣಿಗೆ ನೇರವಾಗಿ ಹೇಳಿದ್ದ: "ಭಾನುವಾರ ಸಂಜೀ ಒಳಗ ನೀವ ಒಂದ ಮಾಡಿ ಕೊಟ್ರಿ ಅಂದ್ರ ನಿಮ್ಮದ ಹಾಕ್ತೀನ್ರಿ. ಇಲ್ಲಂದ್ರ ಸೋಮವಾರ ಕಂಪನೀದು. ಆಮ್ಯಾಲೆ ನನ್ನ ಮುಂದ ಅಳಬ್ಯಾಡ್ರಿ."

ಹಾಗಾಗಿ ಅವಳಿಗೆ ಇದು ಬಹುಮಾನದ ಕಪ್ಪು ಗೆಲ್ಲುವ ಆಟವಾಗಿರಲಿಲ್ಲ. ತನ್ನ ಮನೆಯ ನಳ ಉಳಿಸಿಕೊಳ್ಳುವ ಕೆಲಸವಾಗಿತ್ತು.

ತೊಡಕು ಏನೆಂದರೆ, ವಾಲ್ವು ತಿರುಗಿಸುವ ವಿದ್ಯೆ ಸಂಘದಲ್ಲಿ ಗೊತ್ತಿದ್ದದ್ದು ಈರಣ್ಣ ಬಾರಿಗಿಡದ ಎಂಬವನೊಬ್ಬನಿಗೇ. ಈರಣ್ಣನಿಗೂ ಅವಳಿಗೂ ಸಮ್ಮೇಳನದಲ್ಲೇ ಹೊತ್ತಿಕೊಂಡಿತ್ತು. ಅವನ ಭಾಷಣ ಮುಗಿಯುವ ಲಕ್ಷಣ ಕಾಣದಾಗ ದಾಕ್ಷಾಯಣಿ ಎದ್ದುಹೋಗಿ ಮೈಕು ಬಂದ್ ಮಾಡಿದ್ದಳು. ಮುಂದಿನ ಸಾಲಿನಲ್ಲಿ ಅವನ ಮಾವ ಕೂತಿದ್ದರು. ಅಳಿಯನ ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ, ಮಾವ ನಕ್ಕುಬಿಟ್ಟರು. ಅದನ್ನು ಈರಣ್ಣ ಈ ಜನ್ಮದಲ್ಲಿ ಮರೆಯುವ ಹಾಗಿರಲಿಲ್ಲ. ಮೇಲಾಗಿ ಅವನ ಮನೆಯಿದ್ದದ್ದು ಗುಡ್ಡದ ಬುಡದಲ್ಲಿ, ನೀರು ಕರೆಯದಿದ್ದರೂ ಒಳಗೆ ಬರುವ ಓಣಿಯಲ್ಲಿ.

ಇವರಿಬ್ಬರಷ್ಟೇ ಅಲ್ಲ, ಆ ಸಂಘದವರೆಲ್ಲ ಕೆಲಸ ಮಾಡುವ ರೀತಿಯೇ ಅದು. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿ, "ಇದನ್ನ ಬರದಾವ ಯಾವನ್ಲೇ?" ಎಂದು ಕೂಗದಿದ್ದರೆ ಆ ಕೆಲಸ ಮುಗಿದ ಹಾಗಲ್ಲ. ಹಿಂದಿನ ವರ್ಷದ ಹ್ಯಾಕಥಾನ್‌ನಲ್ಲಿ ಚಹಾದ ಕೆಟಲು ಹಾರಿತ್ತು. ಅದರ ವಿಡಿಯೊ ಊರೆಲ್ಲ ಓಡಾಡಿತ್ತು. ಆ ನಾಚಿಕೆಯಿಂದಲೇ ಈ ಸಲ ಸಂಘದವರು ಸೌಮ್ಯಳಿಗೆ ಒಪ್ಪಿದ್ದು.

ಸೌಮ್ಯ ಹೆಂಗಸಲ್ಲ, ಯಂತ್ರ. ಸಮ್ಮೇಳನದಲ್ಲಿ ಅದನ್ನು ತೋರಿಸಲು ಬಂದಿದ್ದವನು ಚಿನ್ಮಯ ಎಂಬ ಬೆಂಗಳೂರಿನ ನಯವಾದ ಮನುಷ್ಯ. ಅವನ ದನಿ ಕಾಯಿಸಿದ ತುಪ್ಪದ ಹಾಗೆ ಸದ್ದಿಲ್ಲದೆ ಹರಿಯುತ್ತಿತ್ತು. ಶನಿವಾರ ಬೆಳಿಗ್ಗೆ ಅವನು ಮಂಟಪದ ಕಂಬಕ್ಕೊಂದರಂತೆ ದನಿ ಹಿಡಿಯುವ ಯಂತ್ರದ ಕಿವಿಗಳನ್ನು ಅಂಟಿಸಿದ, ತಾನೂ ಒಂದು ಕೊರಳಪಟ್ಟಿ ಹಾಕಿಕೊಂಡು ಪ್ರತಿಯೊಬ್ಬರ ಕೊರಳಿಗೂ ಒಂದು ಹಾಕಿಸಿದ. ಪಟ್ಟಿಯಲ್ಲೂ ಅಂಥದೇ ಒಂದು ಸಣ್ಣ ಕಿವಿ, ಒಂದು ಸಣ್ಣ ದೀಪ.

"ಸೌಮ್ಯಳಿಗೆ ನಿಮ್ಮ ಮಾತಿನ ಅರ್ಥ ಬೇಕಿಲ್ಲ," ಎಂದ ಚಿನ್ಮಯ. "ಗಂಟಲಿನ ಅದುರು ಸಾಕು. ಮೊದಲು ಒಂದು ಜಾಗದಲ್ಲಿ ಜನ ಸಾಮಾನ್ಯವಾಗಿ ಹೇಗೆ ಮಾತಾಡ್ತಾರೆ ಅಂತ ಕಲಿತುಕೊಳ್ತಾಳೆ. ಆಮೇಲೆ ಆ ಸಾಮಾನ್ಯ ದನಿಯಿಂದ ಯಾರು ಎಷ್ಟು ದೂರ ಹೋದರು ಅಂತ ಅಳೀತಾಳೆ. ಹತ್ತಿರ ಇದ್ದರೆ ಹಸಿರು. ದೂರ ಹೋದರೆ ಕೆಂಪು. ಕೆಂಪಾದವರ ಕಂಪ್ಯೂಟರ್ ತಾನೇ ಲಾಕ್ ಆಗುತ್ತೆ. ಹಸಿರಾದ ಮೇಲೇ ತೆರೆಯುತ್ತೆ."

"ಎಲ್ಲಾರೂ ಕೆಂಪ ಆದ್ರಂದ್ರ?" ದಾಕ್ಷಾಯಣಿ ಕೇಳಿದಳು.

"ಹಾಗೇ ಸ್ವಲ್ಪ ಹೊತ್ತು ಮುಂದುವರಿದರೆ ಇಡೀ ಹಾಲ್ ಲಾಕ್. ಮರುದಿನವೇ ತೆರೆಯೋದು. ಪಟ್ಟಿ ಮಾತ್ರ ದಯವಿಟ್ಟು ಬಿಚ್ಚಬೇಡಿ ಮೇಡಮ್, ಮನೆಗೆ ಹೋದಾಗಲೂ. ನಿಮ್ಮ ಲ್ಯಾಪ್‌ಟಾಪ್ ಅದಕ್ಕೇ ಕಟ್ಟಿದೆ."

ಆಗ ಮಂಟಪದಲ್ಲಿ ಉದ್ಘಾಟನೆ ನಡೆಯುತ್ತಿತ್ತು. ದೀಪ ಹಚ್ಚುವಾಗ ಯಾರು ತಾನೇ ಕಿರುಚುತ್ತಾರೆ? ಎಲ್ಲರೂ ಹೊಸ ಬಟ್ಟೆ ಹಾಕಿಕೊಂಡು, ಕೈಕಟ್ಟಿ, ಪಿಸುಮಾತಿನಲ್ಲಿದ್ದರು. ಸೌಮ್ಯ ಅದನ್ನೇ ಹುಬ್ಬಳ್ಳಿಯವರ ಸಹಜ ದನಿ ಎಂದು ಕಲಿತುಕೊಂಡಿತು.

ಆಮೇಲೆ ಶುರುವಾಯಿತು ಪಜೀತಿ. ಒಬ್ಬ ಅಭ್ಯಾಸಬಲದಿಂದ "ಏ ಚಹಾ ಎಲ್ಲಿ?" ಎಂದ, ಕೆಂಪು. ಇನ್ನೊಬ್ಬ ಗೆಳೆಯನನ್ನು ಕಂಡು ಖುಷಿಯಿಂದ ಬೆನ್ನಿಗೆ ಗುದ್ದಿ "ಬಾರಲೇ ಮಂಗ್ಯಾ" ಎಂದ, ಇಬ್ಬರೂ ಕೆಂಪು. ದಾಕ್ಷಾಯಣಿ ಈರಣ್ಣನ ಪರದೆಯನ್ನು ಇಣುಕಿ ನೋಡಿ, "ಇದ ಏನ್ರಿ ಈರಣ್ಣ, ಸಗಣಿ ಸಾರಿಸಿದಂಗ ಬರದೀರಲ್ಲ!" ಎಂದಳು. ದೀಪ ಭಗ್ಗೆಂದಿತು, ಲ್ಯಾಪ್‌ಟಾಪು ಕಣ್ಣು ಮುಚ್ಚಿತು. ಈರಣ್ಣ ತುಟಿ ಬಿಗಿಹಿಡಿದು ನಕ್ಕ.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಕಲಿತಿದ್ದರು. ಯಾರ ಕೆಲಸ ನೋಡಿದರೂ ಒಂದೇ ಮಾತು: ಭಾಳ ಚಂದ ಆಗೈತಿ. ದೀಪಗಳೆಲ್ಲ ಹಸಿರು. ಕಣ್ಣುಗಳಲ್ಲಿ ಮಾತ್ರ ಕತ್ತಿ. ಒಳಗೊಳಗೇ ಬೇಯುತ್ತ, ಹಲ್ಲು ಕಿರಿಯುತ್ತ, ಮಂಟಪದ ತುಂಬ ಜನ ಒಬ್ಬರನ್ನೊಬ್ಬರು ಹೊಗಳುತ್ತಿದ್ದರು. ಚಿನ್ಮಯ ಮೂಲೆಯಲ್ಲಿ ನಿಂತು ಫೋಟೊ ತೆಗೆಯುತ್ತಿದ್ದ. ಮುಂದೆ ಇದನ್ನು ಆಫೀಸುಗಳಿಗೆ, ಮನೆಗಳಿಗೆ ಮಾರುವ ಯೋಚನೆ ಅವನದು.

ಸಂಜೆ ದಾಕ್ಷಾಯಣಿ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ಕೂತಳು. ಗೌರವ್ವ ಬಂದು ಕೊರಳಪಟ್ಟಿ ನೋಡಿದಳು.

"ಇದೇನ ಬೇ ಕೊರಳಾಗ? ನನ್ನ ಮಗ ಕಟ್ಟಿದ್ದ ತಾಳಿ ಸಾಲಲಿಲ್ಲೇನ?"

"ಸಂಘದ್ದರಿ ಅತ್ತಿ. ಸಿಟ್ಟ ಮಾಡಿದ್ರ ಕೆಂಪ ಆಗ್ತೈತಿ. ಕೆಂಪ ಆತಂದ್ರ ಕೆಲಸ ಬಂದ್."

ಹೇಳಬಾರದಿತ್ತು. ಗೌರವ್ವನ ಮುಖ ಹಬ್ಬದ ದಿನದ ಹಾಗೆ ಅರಳಿತು. ಗೋಡೆಗೆ ಒರಗಿ, ಕಾಲು ಚಾಚಿ, ಅಡಿಕೆ ಬಾಯಿಗೆ ಹಾಕಿಕೊಂಡಳು.

"ನಿಮ್ಮವ್ವನೂ ಹಿಂಗ. ಸಾರ ಮಾಡಿದ್ರ ಕೈಯಾಗ ಉಪ್ಪ ಇರಂಗಿಲ್ಲ, ಬಾಯಾಗ ಮಾತ ನಿಲ್ಲಂಗಿಲ್ಲ."

"ಅತ್ತೀ, ನಮ್ಮವ್ವನ ಸುದ್ದಿಗೆ..."

ಕೆಂಪು. ಲಾಕ್. ಗೌರವ್ವ ಆನಂದದಿಂದ ತೊಡೆ ತಟ್ಟಿದಳು. ಸ್ವಲ್ಪ ಹೊತ್ತು ಉಸಿರು ಹಿಡಿದು ದಾಕ್ಷಾಯಣಿ ಹಸಿರಾಗುವಳು, ಗೌರವ್ವ ತವರಿನ ಇನ್ನೊಂದು ಕಥೆ ತೆಗೆಯುವಳು, ಮತ್ತೆ ಕೆಂಪು. ಜನ್ಮದಲ್ಲಿ ಮೊದಲ ಸಲ ಸೊಸೆ ತಿರುಗಿ ಮಾತಾಡದೆ ಕೂತಿದ್ದಳು.

ಆಗಲೇ ದಾಕ್ಷಾಯಣಿಗೆ ಉಪಾಯ ಹೊಳೆದದ್ದು. ಅರ್ಥ ಬೇಕಿಲ್ಲ, ಗಂಟಲಿನ ಅದುರು ಸಾಕು ಎಂದಿದ್ದನಲ್ಲ ಚಿನ್ಮಯ. ಅವಳು ಮಗುವನ್ನು ತೂಗುವ ದನಿ ತೆಗೆದು, ಮುಖದ ತುಂಬ ನಗು ತುಂಬಿಕೊಂಡು ಮೆಲ್ಲಗೆ ಹೇಳಿದಳು:

"ಅತ್ತೀ, ನಿಮ್ಮ ನಾಲಿಗಿಗೆ ಲಕ್ವಾ ಹೊಡೀಲ್ರಿ. ನೀವ ಯಾವಾಗ ಹೋಗ್ತೀರಿ ಅಂತ ನಾ ದಿನಾ ಕಾಯತೀನ್ರಿ."

ಹಸಿರು. ಎಳೆ ಹುಲ್ಲಿನಂಥ ಹಸಿರು.

ಗೌರವ್ವನ ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. ಇದಕ್ಕಿಂತ ಕೆಟ್ಟ ಮಾತುಗಳನ್ನು ಅವಳು ಸೊಸೆಯಿಂದ ಕೇಳಿದ್ದಳು, ಅಂದಿದ್ದಳು. ಅವೆಲ್ಲ ಕೂಗಿ ಆಡಿದ ಮಾತು. ಕೂಗಿನ ಜೊತೆಗೇ ಗಾಳಿಗೆ ಹೋಗಿದ್ದವು. ಇದು ಹೋಗಲಿಲ್ಲ. ಮನೆಯೊಳಗೆ ಕೂತುಬಿಟ್ಟಿತು.

"ಬೈಯೋದಿದ್ರ ಬಾಯಿ ತುಂಬ ಬೈ ದಾಕ್ಷಿ," ಎಂದಳು ಗೌರವ್ವ, ಎದ್ದು ಹೋಗುತ್ತ. "ಹಿಂಗ ನಕ್ಕೋಂತ ಬೈಬ್ಯಾಡ. ನಿನ್ನ ಮಾರಿ ನೋಡಿದ್ರ ನನಗ ಅಂಜಿಕಿ ಬರತೈತಿ."

ಅವಳು ಉಣ್ಣದೆ ಮಲಗಿದಳು. ದಾಕ್ಷಾಯಣಿಯ ಕೆಲಸವೇನೋ ಸರಾಗವಾಗಿ ಸಾಗಿತು, ಆದರೆ ಆ ಮೌನ ಅವಳ ಬೆನ್ನ ಹಿಂದೆಯೇ ಕೂತಿತ್ತು.

ಭಾನುವಾರ ನಳದ ಪಾಳಿಯಿರಲಿಲ್ಲ; ಬೆಳಿಗ್ಗೆ ಓಣಿಗೆ ಟ್ಯಾಂಕರ್ ಬಂತು. ಗುಡ್ಡದ ಓಣಿಯ ಟ್ಯಾಂಕರ್ ಜಗಳ ನೋಡದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಕೊಡ ಕೊಡಕ್ಕೆ ಬಡಿಯುತ್ತದೆ, ಪೈಪು ಒಬ್ಬರ ಕೈಯಿಂದ ಒಬ್ಬರಿಗೆ ಹಾವಿನ ಹಾಗೆ ಹೊರಳುತ್ತದೆ, ಮನೆತನಗಳ ಇತಿಹಾಸವೆಲ್ಲ ಹೊರಬೀಳುತ್ತದೆ. ಅಷ್ಟೆಲ್ಲದರ ನಡುವೆ, ಕೈಲಾಗದವರ ಮನೆಗೆ ಮೊದಲ ಕೊಡ ತಪ್ಪದೆ ಹೋಗುತ್ತದೆ. ಹೇಗೆ ಎಂದು ಕೇಳಬಾರದು.

ದಾಕ್ಷಾಯಣಿ ಕೊರಳಪಟ್ಟಿ ಮರೆತು, ಮಮ್ತಾಜಳ ಕೊಡ ಸರಿಸಿ, ಓಣಿ ನಡುಗುವ ಹಾಗೆ ಕಿರುಚಿದಳು. ಆಮೇಲೆ ಗಾಬರಿಯಾಗಿ ಕೊರಳು ನೋಡಿಕೊಂಡಳು. ದೀಪ ಹಸಿರು! ಕೆಟ್ಟಿದೆಯೋ ಏನೋ ಎಂದು ಪರೀಕ್ಷಿಸಲು ದನಿ ಇಳಿಸಿ, "ನೀವ ಮೊದಲ ತುಂಬ್ಕೋರಿ ವೈನಿ," ಎಂದಳು.

ಕೆಂಪು.

ಮಮ್ತಾಜ್ ಅನುಮಾನದಿಂದ ನೋಡಿದಳು. "ಯಾಕ್ರೀ ಟೀಚರ್, ಮೈಯಾಗ ಹುಷಾರ ಇಲ್ಲೇನ್ರಿ?"

ದಾಕ್ಷಾಯಣಿಗೆ ಆಗ ಯೋಚಿಸಲು ಪುರುಸೊತ್ತಿರಲಿಲ್ಲ. ಕೊಡ ಒಳಗಿಟ್ಟು, ಮುಖ ತಿರುಗಿಸಿ ಕೂತಿದ್ದ ಅತ್ತೆಗೆ ಹೋಗಿ ಬರುತ್ತೇನೆಂದೂ ಹೇಳದೆ ಮಂಟಪಕ್ಕೆ ಓಡಿದಳು.

ಅಲ್ಲಿ ಪ್ರೋಗ್ರಾಮು ತಯಾರಾಗಿತ್ತು. ಪರೀಕ್ಷೆಗೆಂದು ವೇದಿಕೆಯ ಮೇಲೊಂದು ಸಣ್ಣ ಊರನ್ನೇ ಕಟ್ಟಿದ್ದರು. ನೀರಿನ ಡ್ರಮ್ಮು, ಅದಕ್ಕೊಂದು ಮೋಟಾರು, ತೆಳುವಾದ ಕೊಳವೆಗಳು, ಓಣಿಗೊಂದು ಬಾಟಲಿ. ಗುಡ್ಡದ ಓಣಿಯ ಬಾಟಲಿಯನ್ನು ಮದುಮಗನ ಸಿಂಹಾಸನದ ನೆತ್ತಿಗೆ ಕಟ್ಟಿದ್ದರು. ಯಾವ ಓಣಿಗೆ ಎಷ್ಟು ಎಂದು ಹಂಚುವ ಭಾಗ ದಾಕ್ಷಾಯಣಿಯದು. ವಾಲ್ವು ತಿರುಗಿಸುವ ಭಾಗ ಈರಣ್ಣನದು.

"ನಡಸೂಣೇನ್ರಿ ಅಕ್ಕಾರ?" ಈರಣ್ಣ ಬೆಲ್ಲದ ದನಿಯಲ್ಲಿ ಕೇಳಿದ.

"ನಡಸ್ರಿ ಅಣ್ಣಾರ," ಎಂದಳು ಇವಳು, ಅದೇ ಬೆಲ್ಲದಲ್ಲಿ.

ಮೋಟಾರು ಗುಂಯ್ ಎಂದಿತು. ಕೆಳಗಿನ ಬಾಟಲಿಗಳು ಗಟಗಟ ತುಂಬಿ, ಉಕ್ಕಿ, ಜಮಖಾನೆಯ ಮೇಲೆ ಹರಿದವು. ಸಿಂಹಾಸನದ ಬಾಟಲಿ ಬುಸ್ ಎಂದಿತು, ಅಷ್ಟೇ. ಅದರ ವಾಲ್ವು ಟಕ್ಕನೆ ಮುಚ್ಚಿಕೊಂಡಿತು. ದೊಡ್ಡ ಪರದೆಯ ಮೇಲೆ ಅಕ್ಷರ ಮೂಡಿತು: ಗುಡ್ಡದ ಓಣಿಗೆ ನೀರು ತಲುಪಿದೆ.

ಬಾಟಲಿಯಲ್ಲಿ ನೆಕ್ಕಲಿಕ್ಕೂ ನೀರಿರಲಿಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. "ಭಾಳ ಚಂದ!" "ಏನ ಕೆಲಸ ರೀ!" "ಜಮಖಾನಿ ತೊಯ್ದದ್ದ ಸೈತ ಚಂದ ಕಾಣಸ್ತೈತಿ!" ಚಿನ್ಮಯ ಕಣ್ಣಂಚು ಒರೆಸಿಕೊಂಡು, "ಅದ್ಭುತ ವಾತಾವರಣ," ಎಂದ.

ದಾಕ್ಷಾಯಣಿ ತಾನು ಬರೆದದ್ದನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ತಪ್ಪು ಕಾಣಲಿಲ್ಲ. ತಾನೇ ಮಾಡಿದ ಸಾರಿನ ಉಪ್ಪು ಮಾಡಿದವರಿಗೆ ತಿಳಿಯುವುದಿಲ್ಲ. ಇನ್ನೊಬ್ಬರು ಉಂಡು ಥೂ ಎನ್ನಬೇಕು. ಥೂ ಎನ್ನುವವರು ಯಾರೂ ಇರಲಿಲ್ಲ. ಒಬ್ಬೊಬ್ಬರ ಹತ್ತಿರವೂ ಹೋಗಿ ಕೇಳಿದಳು: ತಪ್ಪು ಎಲ್ಲೈತಿ ಹೇಳ್ರಿ. ಹೇಳಹೊರಟವರ ದನಿ ಏರುತ್ತಿತ್ತು, ದೀಪ ಹಳದಿಗೆ ತಿರುಗಿ ಕೆಂಪಾಗಲು ಹವಣಿಸುತ್ತಿತ್ತು, ಅವರು ನಾಲಿಗೆ ಕಚ್ಚಿಕೊಂಡು "ಏನಿಲ್ಲ ಬಿಡ್ರಿ, ಚಂದ ಐತಿ" ಎನ್ನುತ್ತಿದ್ದರು.

ಕೊನೆಗೆ ಈರಣ್ಣನ ಮುಂದೆ ನಿಂತಳು. ಅವನು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನ ಕಣ್ಣು ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು: ಇವನಿಗೆ ತಪ್ಪು ಎಲ್ಲಿದೆಯೆಂದು ಗೊತ್ತಿದೆ. ನಿನ್ನೆಯಿಂದಲೂ ಗೊತ್ತಿದೆ.

"ಅಣ್ಣಾರ, ಎಲ್ಲಿ ತಪ್ಪೈತಿ?"

"ತಪ್ಪ? ನಿಮ್ಮ ಕೆಲಸದಾಗ?" ಈರಣ್ಣ ಕೈಮುಗಿದ. "ಬಂಗಾರದಂಥಾ ಕೆಲಸ ಅಕ್ಕಾರ. ಇಷ್ಟ ಚಂದಂದು ನಾ ನೋಡೇ ಇಲ್ಲ."

ಹಸಿರು.

ದಾಕ್ಷಾಯಣಿಗೆ ಅವನ ಕತ್ತು ಹಿಸುಕಬೇಕೆನ್ನಿಸಿತು. ಹೊರಗೆ ಬಂದು ಚಪ್ಪಲಿಗಳ ರಾಶಿಯ ಹತ್ತಿರ ನಿಂತಳು. ಸಂಜೆ ಎಂಜಿನಿಯರು ಬರುತ್ತಾನೆ. ನಾಳೆ ಕಂಪನಿಯದು ಕೂರುತ್ತದೆ. ಗುಡ್ಡದ ಓಣಿಯ ವಾಲ್ವು ಮುಚ್ಚಿದರೆ ಮುಚ್ಚಿದ್ದೇ. ಆಗ ಬೆಳಗಿನ ಟ್ಯಾಂಕರಿನ ನೆನಪು ಬಂತು. ಕಿರುಚಿದಾಗ ಹಸಿರು, ಮೆತ್ತಗೆ ಮಾತಾಡಿದಾಗ ಕೆಂಪು. ಯಾಕೆ? ಓಣಿಯವರೆಲ್ಲ ಕಿರುಚುತ್ತಿದ್ದರು. ಅಲ್ಲಿಯ ಸಾಮಾನ್ಯ ದನಿಯೇ ಅದು. ಕೊರಳಪಟ್ಟಿ ಆ ಜಾಗದ ಪಾಠ ಹೊಸದಾಗಿ ಕಲಿತುಬಿಟ್ಟಿತ್ತು!

ಅವಳು ಫೋನು ತೆಗೆದು ಮನೆಗೆ ಹಚ್ಚಿದಳು. ಬಹಳ ಹೊತ್ತು ರಿಂಗಾಯಿತು. ಗೌರವ್ವ ಎತ್ತಿದಳು.

"ಅತ್ತಿ, ಮಂಟಪಕ್ಕ ಬರ್ರಿ."

"ನಾ ಯಾಕ ಬರಲಿ? ನನಗ ಲಕ್ವಾ ಹೊಡದೈತಿ."

"ಜಗಳ ಮಾಡಾಕ ಬರ್ರಿ."

ಬಾಯಲ್ಲಿದ್ದ ಅಡಿಕೆ ಉಗುಳಿ ಗೌರವ್ವ ಕೇಳಿದಳು: "ಯಾರ ಜೋಡಿ?"

"ಮೊದಲ ನನ್ನ ಜೋಡಿ. ಆಮ್ಯಾಲೆ ನಿಮಗ ಬೇಕಾದವರ ಜೋಡಿ. ಮಮ್ತಾಜ್ ವೈನೀನ್ನೂ ಕರಕೊಂಡ ಬರ್ರಿ, ಓಣಿ ಮಂದೀನ್ನೆಲ್ಲ ಕರಕೊಂಡ ಬರ್ರಿ. ಕೊಡಾ ತರ್ರಿ, ಕೊಡಾ ಇಲ್ಲಂದ್ರ ನಮ್ಮವರಿಗೆ ದನಿ ಏಳಂಗಿಲ್ಲ."

ಬಂದರು. ಮದುವೆಯ ದಿಬ್ಬಣ ಕೂಡ ಆ ಮಂಟಪಕ್ಕೆ ಹಾಗೆ ಬಂದಿರಲಿಕ್ಕಿಲ್ಲ. ಸೊಂಟದಲ್ಲಿ ಕೊಡ, ಕಚ್ಚೆ ಬಿಗಿದ ಸೀರೆ, ಮುಂದೆ ಗೌರವ್ವ, ಪಕ್ಕದಲ್ಲಿ ಬುರ್ಖಾದ ತೋಳು ಮೇಲೇರಿಸಿದ ಮಮ್ತಾಜ್. ಚಿನ್ಮಯ ಕೈಯೊಡ್ಡಿ ತಡೆಯಲು ಹೋದ. "ಅಮ್ಮಂದಿರೇ, ದಯವಿಟ್ಟು..."

"ಸರಿಯೋ ಅತ್ಲಾಗ!" ಎಂದಳು ಮಮ್ತಾಜ್. ಅವನು ಸರಿದ.

ಗೌರವ್ವ ಸೊಸೆಯ ಎದುರು ಕೊಡ ಕುಕ್ಕಿ ನಿಂತಳು. ನಿನ್ನೆಯಿಂದ ಕಟ್ಟಿಕೊಂಡಿದ್ದದ್ದು ಒಡೆಯಿತು.

"ಏನಂದಿ ನನಗ? ಯಾವಾಗ ಹೋಗ್ತೀರಿ ಅಂತ ಕಾಯತೀಯಾ? ನಾ ಹೋದ್ರ ನಿನ್ನ ಸಾರ ಯಾವ ನಾಯಿ ಉಣ್ತೈತಿ?"

"ನೀವ ಇದ್ರೂ ಅಷ್ಟ! ಹತ್ತ ತಪ್ಪ ತಗದ ಹಿಂದ್ಲೆ ಗಡಗಿ ಬಳದ ಉಣ್ಣಾಕಿ ನೀವ!" ದಾಕ್ಷಾಯಣಿ ಕಿರುಚಿದಳು. ದೀಪ ಕೆಂಪು, ಲ್ಯಾಪ್‌ಟಾಪು ಬಂದ್. ಅವಳು ಲೆಕ್ಕಿಸಲಿಲ್ಲ.

"ಉಣ್ಣಲಾರದ ಏನ ಮಾಡ್ಲಿ, ಉಪ್ಪಾಸ ಬೀಳ್ಲಿ?"

"ನಿನ್ನಿ ಬಿದ್ದಿರಲ್ಲ! ಇಡೀ ರಾತ್ರಿ ನನಗ ಕಣ್ಣ ಮುಚ್ಚಾಕ ಆಗ್ಲಿಲ್ಲ ನಿಮ್ಮ ಸಲವಾಗಿ!"

ಆಚೆ ಮಮ್ತಾಜ್ ಕೊಡದ ಕಂಠ ಹಿಡಿದು ಇನ್ನೊಬ್ಬಳ ಹಳೆಯ ಕೇಸು ತೆಗೆದಿದ್ದಳು. ಓಣಿಗೆ ಓಣಿಯೇ ಬಾಯಿ ತೆರೆಯಿತು. ಕೊಡಗಳು ಕಂಬಕ್ಕೆ ಬಡಿದವು. ಕಿವಿಗಳ ಮೇಲಿನ ದೀಪಗಳು ಹುಚ್ಚೆದ್ದು ಮಿಣುಕಿದವು. ಕೊರಳಪಟ್ಟಿಯವರೆಲ್ಲ ಬೆಚ್ಚಿ "ಏ, ಏ!" ಎಂದರು, ಅಷ್ಟಕ್ಕೇ ಎಲ್ಲರೂ ಕೆಂಪು. ಪರದೆಯ ಮೇಲೆ ಎಚ್ಚರಿಕೆ ಬಂತು: ಸಭಾಂಗಣ ಲಾಕ್ ಆಗಲಿದೆ.

"ಹಾಳಾಯಿತು ಮೇಡಮ್!" ಚಿನ್ಮಯ ಪಿಸುಗುಟ್ಟಿದ. "ಎಲ್ಲ ಮುಗೀತು!"

"ನಿಲ್ಲಸಬ್ಯಾಡ್ರಿ!" ದಾಕ್ಷಾಯಣಿ ಓಣಿಯವರಿಗೆ ಕೂಗಿದಳು. "ನೀರ ಬಂದೈತಿ ಅಂತ ತಿಳಕೊಂಡ ಬಡದಾಡ್ರಿ!"

ಆ ಮಾತಿಗೆ ಅವರು ಇನ್ನೊಂದು ಮಟ್ಟಕ್ಕೆ ಏರಿದರು. ಸೂರಿನ ಪಾರಿವಾಳಗಳು ಎದ್ದು ಹೋದವು; ಅವು ಇವತ್ತಿಗೂ ಆ ಮಂಟಪಕ್ಕೆ ತಿರುಗಿ ಬಂದಿಲ್ಲ. ಎದುರಿನ ಸ್ವೀಟ್ ಅಂಗಡಿಯ ಹಾಲು ತಾನಾಗಿ ಒಡೆಯಿತು ಎನ್ನುತ್ತಾರೆ. ಅದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಸೌಮ್ಯ ಪಾಪ, ಕಲಿಯುವ ಯಂತ್ರ. ಎಷ್ಟು ಹೊತ್ತು ಅಂತ ತಡೆದೀತು? ಪರದೆ ಬೆಳ್ಳಗಾಯಿತು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಪರದೆಯ ತುಂಬ ಹಸಿರು ಬಂದು, ಅಕ್ಷರ ಮೂಡಿತು: ಇಲ್ಲಿನ ಸಾಮಾನ್ಯ ದನಿಯನ್ನು ಹೊಸದಾಗಿ ಕಲಿಯಲಾಗಿದೆ. ವಾತಾವರಣ ಶಾಂತವಾಗಿದೆ.

ದಾಕ್ಷಾಯಣಿಯ ಲ್ಯಾಪ್‌ಟಾಪ್ ಕಣ್ಣು ತೆರೆಯಿತು. ಕಿರುಚುತ್ತಿದ್ದವರೆಲ್ಲ ಹಸಿರು. ಮೂಲೆಯಲ್ಲಿ ನಗು ಹಿಡಿದು ಕೂತಿದ್ದ ಈರಣ್ಣ ಮಾತ್ರ, "ಅಕ್ಕಾರ, ದಯಮಾಡಿ ಇವರನ್ನ ಹೊರಗ..." ಎನ್ನುವಷ್ಟರಲ್ಲಿ ಕೆಂಡದ ಹಾಗೆ ಕೆಂಪಾದ. ಅವನ ಕಂಪ್ಯೂಟರು ಬಂದ್ ಆಯಿತು. ಒಳಗೆ ಅವನ ವಾಲ್ವಿನ ಕೆಲಸವೆಲ್ಲ ಸಿಕ್ಕಿಕೊಂಡಿತು.

"ಸಮಾಧಾನ... ಸಮಾಧಾನದಿಂದ..." ಎಂದ ಅವನು. ಇನ್ನೂ ಕೆಂಪು.

ಗೌರವ್ವ ಅವನ ಸುತ್ತ ಒಂದು ಸುತ್ತು ಬಂದಳು. "ಏನೋ ತಮ್ಮಾ, ಗಂಟಲದಾಗ ಬೆಲ್ಲ ಸಿಕ್ಕೊಂಡೈತೇನ? ಆವತ್ತ ನಿನ್ನ ಮೈಕ್ ಬಂದ್ ಮಾಡಿದ್ದಳಂತಲ್ಲ ನನ್ನ ಸೊಸಿ? ನಿಮ್ಮ ಮಾವ ಹಲ್ಲ ಬಿಟ್ಟ ನಕ್ಕರಂತಲ್ಲ?"

ಅದು ಸರಿಯಾದ ಜಾಗಕ್ಕೆ ಬಿತ್ತು. ಈರಣ್ಣ ಕುರ್ಚಿ ಒದ್ದು ಎದ್ದ.

"ಹೌದ್ರಿ! ಬಂದ್ ಮಾಡಿದ್ರಿ! ನಾಕ ಮಂದಿ ಮುಂದ ನನ್ನ ಮಾನ ಕಳದ್ರಿ! ದೊಡ್ಡ ಟೀಚರ್ ಅಂತ! ಗಾಳೀನ ನೀರ ಅಂತ ಎಣಿಸೋ ಟೀಚರ್!"

"ಏನಂದ್ರಿ?"

"ನಳ ಮೊದಲ ಬುಸ್ ಅಂತೈತಿಲ್ಲೋ? ಕೊಳವಿ ಒಳಗಿನ ಗಾಳಿ ಹೊರಗ ಬರ್ತೈತಿಲ್ಲೋ? ನಿಮ್ಮ ಪ್ರೋಗ್ರಾಮ್ ಆ ಗಾಳೀನ್ನ ನೀರ ಅಂತ ಲೆಕ್ಕ ಹಿಡದ, ಪಾಲ ಮುಟ್ಟೈತಿ ಅಂತ ವಾಲ್ವ ಮುಚ್ಚತೈತಿ! ಗುಡ್ಡದ ಮ್ಯಾಲೆ ಹುಟ್ಟಾ ಬುಸ್ ಕೇಳಿದವರಿಗೆ ಇಷ್ಟ ತಿಳೀಬಾರದೇನ್ರಿ?"

ಅವನ ದೀಪ ಹಸಿರಾಗಿತ್ತು. ಸಿಟ್ಟಿನಲ್ಲಿರುವ ಮನುಷ್ಯನಿಗೆ ಹೊಗಳಲು ಪುರುಸೊತ್ತಿರುವುದಿಲ್ಲ.

ದಾಕ್ಷಾಯಣಿ ಹಣೆ ಬಡಿದುಕೊಂಡಳು. ಬೆಳಗಾದರೆ ಕೇಳುವ ಸದ್ದು ಅದು. ಬುಸ್ ಎಂದ ಮೇಲೆ ಕಾಯಬೇಕು ಎಂದು ಓಣಿಯ ಕೂಸಿಗೂ ಗೊತ್ತು. ಎರಡು ದಿನ ಸಕ್ಕರೆ ಮಾತು ಕೇಳಿ, ಆಡಿ, ಅವಳ ತಲೆಗೂ ಗಾಳಿಯೇ ತುಂಬಿತ್ತು. ಆಮೇಲೆ ಈರಣ್ಣನ ಕಡೆ ತಿರುಗಿದಳು:

"ನಿನ್ನಿ ಮುಂಜಾನಿಯಿಂದ ಗೊತ್ತಿದ್ದೂ ಬಾಯಾಗ ಏನ ಇಟ್ಕೊಂಡಿದ್ರಿ? ಬಂಗಾರದಂಥಾ ಕೆಲಸ ಅಂದ್ರಲ್ಲ!"

"ನಿಮ್ಮ ನಳ ಬಂದ್ ಆಗ್ಲಿ ಅಂತ ಇಟ್ಕೊಂಡಿದ್ದೆ! ನನ್ನ ಮೈಕ್ ಬಂದ್ ಆತಲ್ಲ!"

"ಮೈಕಿಗೂ ನೀರಿಗೂ ಸರಿ ಹಚ್ಚತೀಯೇನೋ ಮುಠ್ಠಾಳಾ!" ಮಮ್ತಾಜ್ ಕೊಡ ಎತ್ತಿದಳು. "ನನ್ನ ಮಗಳ ಬಾಣಂತಿ ಅದಾಳೋ ಮನ್ಯಾಗ! ನೀರ ನಿಮ್ಮಪ್ಪ ತರ್ತಾನೇನ?"

ಬಾಣಂತಿಯ ಮಾತು ಕೇಳಿ ಈರಣ್ಣ ಒದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ. ಆದರೆ ಮೆತ್ತಗೆ ಮಾತಾಡಿದರೆ ಮತ್ತೆ ಕೆಂಪಾಗುವ ಭಯ. ಹಾಗಾಗಿ ಅವನು ಕಿರುಚಿಕೊಂಡೇ ಕೀಬೋರ್ಡಿನ ಮುಂದೆ ಕೂತ: "ಸರೀರಿ ಅತ್ಲಾಗ! ಗಾಳಿ ಯಾವುದು ನೀರ ಯಾವುದು ಅಂತ ನಾ ಹೇಳ್ತೀನಿ, ನೀವ ಬರೀರಿ! ಹಂಗಲ್ರೀ! ಕಣ್ಣ ಎಲ್ಲಿಟ್ಟೀರಿ?"

"ನನ್ನ ಕಣ್ಣ ನನ್ನ ಮಾರಿ ಮ್ಯಾಲೆ ಅದಾವು! ನಿಮ್ಮ ವಾಲ್ವ ಯಾಕ ಇಷ್ಟ ತಡಾ ಮಾಡತೈತಿ, ಅದಕ್ಕೂ ಅಡಿಕಿ ಬೇಕೇನ?"

ಅಷ್ಟರಲ್ಲಿ ಸಂಘದವರೆಲ್ಲ ಎದ್ದು ನಿಂತಿದ್ದರು. "ಇದನ್ನ ಬರದಾವ ಯಾವನ್ಲೇ?" "ನಾನ ಬರದೇನಿ, ಏನೀಗ?" ಎರಡು ದಿನದಿಂದ ನುಂಗಿದ ತಪ್ಪುಗಳೆಲ್ಲ ಹೊರಬಿದ್ದವು. ಬಿದ್ದದ್ದನ್ನು ಒಬ್ಬ ಬೈದು ತೋರಿಸಿದ, ಇನ್ನೊಬ್ಬ ಬೈಸಿಕೊಂಡು ತಿದ್ದಿದ.

ಸಂಜೆ ಎಂಜಿನಿಯರು ಬಂದಾಗ ಒಳಗೆ ಕೊಲೆಯಾಗುತ್ತಿದೆ ಎಂದುಕೊಂಡು ಬಾಗಿಲಲ್ಲೇ ನಿಂತ. ಗೌರವ್ವ ಅವನ ರೆಟ್ಟೆ ಹಿಡಿದು ವೇದಿಕೆಗೆ ಎಳೆದು ತಂದಳು. ಮೋಟಾರು ಗುಂಯ್ ಎಂದಿತು. ಸಿಂಹಾಸನದ ಬಾಟಲಿ ಬುಸ್ ಎಂದಿತು. ವಾಲ್ವು ಕಾಯಿತು. ಇನ್ನೊಂದು ಸಲ ಬುಸ್. ಮಂಟಪದಲ್ಲಿ ಮೊದಲ ಸಲ ನಿಜವಾಗಿಯೂ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಬಾಟಲಿಯ ತಳದಲ್ಲಿ ತೊಟ್ಟು, ತೊಟ್ಟು, ಧಾರೆ.

"ಇಷ್ಟ ಸಣ್ಣ ಧಾರಿ?" ಎಂದಳು ಗೌರವ್ವ. ಜಗಳ ಮತ್ತೆ ಹತ್ತಿತು.

ಚಿನ್ಮಯ ಗಂಟುಮೂಟೆ ಕಟ್ಟಿದ. ಆದರೆ ಅವನ ಕಾರು ಸೌಮ್ಯಳ ಮಾತು ಕೇಳುವ ಹೊಸ ನಮೂನೆಯದು, ಕೊರಳಪಟ್ಟಿ ಹಸಿರಾಗದೆ ಬಾಗಿಲು ತೆರೆಯುವುದಿಲ್ಲ. ಅವನು ಕಾರಿನ ಮುಂದೆ ನಿಂತು, "ಎಲ್ಲರಿಗೂ ಧನ್ಯವಾದ, ಹೋಗಿಬರುತ್ತೇನೆ," ಎಂದ. ಕೆಂಪು. "ಬಹಳ ಸಂತೋಷವಾಯಿತು." ಇನ್ನೂ ಕೆಂಪು. ಓಣಿಯವರು ಸುತ್ತ ನಿಂತು ನೋಡುತ್ತಿದ್ದರು. ಒಬ್ಬರೂ ಸಹಾಯ ಮಾಡಲಿಲ್ಲ. ಕೊನೆಗೆ ಗೌರವ್ವನೇ ಹತ್ತಿರ ಹೋಗಿ ಅವನ ಇಸ್ತ್ರಿ ಅಂಗಿಯ ಮೇಲೆ ಅಡಿಕೆ ಉಗುಳಿದಳು.

"ಏನ್ರೀ ಇದು! ಮನುಷ್ಯರೇನ್ರೀ ನೀವು!" ಚಿನ್ಮಯನ ಗಂಟಲಿನಿಂದ ಹಿಂದೆಂದೂ ಬಾರದ ದನಿ ಹೊರಟಿತು. "ಇಟ್ಕೊಳ್ರೀ ನಿಮ್ಮ ಯಂತ್ರ ನೀವೇ! ನನಗೆ ಬೇಡ!"

ಹಸಿರು. ಬಾಗಿಲು ತೆರೆಯಿತು. ಕಾರು ಹಿಂದೆ ನೋಡದೆ ಹೋಯಿತು.

ಸೋಮವಾರ ಗುಡ್ಡದ ಓಣಿಗೆ ನೀರು ಬಂತು. ಕೆಳಗಿನ ಓಣಿಗೆ ಪಾಲು ಕಡಿಮೆಯಾಯಿತೆಂದು ಈರಣ್ಣ ಅಲ್ಲಿಂದಲೇ ಫೋನು ಮಾಡಿ ಬೈದ, ದಾಕ್ಷಾಯಣಿ ಇಲ್ಲಿಂದಲೇ ಬೈದಳು. ಇಬ್ಬರಿಗೂ ಇವತ್ತಿಗೂ ಆಗಿಬರುವುದಿಲ್ಲ. ಆದರೆ ಪ್ರೋಗ್ರಾಮು ತಪ್ಪಿದ ಕೂಡಲೇ ಅವನೇ 'ಥೂ' ಎನ್ನುತ್ತಾನೆ. ಗೌರವ್ವ ಮೊದಲ ಕೊಡ ತುಂಬಿಸಿ ಒಳಗೆ ತಂದು, "ಬಾಯಿ ಸುಟ್ಟಾಕಿ, ಉಣ್ಣಾಕ ಬಾ," ಎಂದು ಸೊಸೆಯನ್ನು ಕರೆದಳು. ಉಣ್ಣುವಾಗ ಸಾರಿಗೆ ಉಪ್ಪಿಲ್ಲ ಎಂದು ಮನೆಯ ಮಾಡು ಹಾರುವಂತೆ ಕೂಗಿದಳು. ಮಮ್ತಾಜಳಿಗೆ ಸಮಾಧಾನವಾಯಿತು.

ಚಿನ್ಮಯ ಬಿಟ್ಟು ಹೋದ ಸೌಮ್ಯಳನ್ನು ಓಣಿಯವರು ವ್ಯರ್ಥ ಮಾಡಲಿಲ್ಲ. ಈರಣ್ಣನ ಕೈಯಿಂದಲೇ ಅದನ್ನು ಓಣಿಯ ನಳಕ್ಕೆ ಕಟ್ಟಿಸಿದರು. ನಳದ ಸುತ್ತ ಯಾರಾದರೂ ಬೆಣ್ಣೆ ಹಚ್ಚುವ ಮಾತಾಡಿದರೆ ದೀಪ ಕೆಂಪಾಗಿ ನೀರು ನಿಲ್ಲುತ್ತದೆ. ಅದೋ, ನೀವು ಕೂತಿರುವ ಕಟ್ಟೆಯ ಪಕ್ಕದ್ದೇ ಆ ನಳ. ಕಥೆ ಶುರುವಾದಾಗಿನಿಂದ ನೀವು ತಲೆಯಾಡಿಸುತ್ತ, ಚೆನ್ನಾಗಿದೆ ಚೆನ್ನಾಗಿದೆ ಎನ್ನುತ್ತ ಕೂತಿದ್ದೀರಿ. ದೀಪ ನೋಡಿ, ಆಗಿನಿಂದ ಕೆಂಪಗಿದೆ. ಕೆಳಗಿರುವ ಕೊಡ ನಮ್ಮ ಮನೆಯದು, ಅರ್ಧಕ್ಕೇ ನಿಂತಿದೆ. ಏಳಿ, ಎದೆ ತುಂಬ ಉಸಿರೆಳೆದು, ಈ ಕಥೆಯಲ್ಲಿ ಎಲ್ಲಿ ಸುಳ್ಳಿದೆ ಎಂದು ಓಣಿಗೆಲ್ಲ ಕೇಳುವ ಹಾಗೆ ಬೈದು ಹೇಳಿ. ಬುಸ್ ಎಂದ ಮೇಲೂ ಬಾಯಿ ನಿಲ್ಲಿಸಬೇಡಿ. ಎದ್ದದ್ದು ಎದ್ದಿರಿ, ಕೊಡ ತುಂಬಿದ ಮೇಲೆ ಅದನ್ನು ಒಂಚೂರು ಮೇಲಿರುವ ನಮ್ಮ ಮನೆಯ ತನಕ ಮುಟ್ಟಿಸಿಬಿಡಿ.